ಓದದೆ ನೀರಿಗಿಟ್ಟ ಹಾಳೆ

ಹಳೆಯ ಕಾಗದವನ್ನು ದುರಸ್ತಿ ಮಾಡುವವರು ಅದನ್ನು ಓದುತ್ತ ಕೂರಬಾರದು ಎಂದು ಈ ಕೆಲಸ ಕಲಿಸಿದವರು ನನಗೆ ಮೊದಲ ವಾರವೇ ಹೇಳಿದ್ದರು. ಓದಲು ಹೊರಟರೆ ಕಣ್ಣು ಅಕ್ಷರದ ಹಿಂದೆ ಹೋಗುತ್ತದೆ, ಹರಿದ ಜಾಗ ತಪ್ಪಿಹೋಗುತ್ತದೆ, ಒದ್ದೆ ಹಾಳೆ ಯಾರಿಗೂ ಕಾಯುವುದಿಲ್ಲ. ಪುಣೆಯ ನಮ್ಮ ಪ್ರಯೋಗಾಲಯಕ್ಕೆ ಬರುವುದು ಹೆಚ್ಚಾಗಿ ಹಿಂದೆ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿಯ ದಫ್ತರಗಳು, ಅಲ್ಲೊಂದು ಇಲ್ಲೊಂದು ಫಾರಸಿ ಸನದು. ಎರಡೂ ನನಗೆ ಓದಲು ಬರುವುದಿಲ್ಲ. ಹಾಗಾಗಿ ಗುರುಗಳ ಮಾತು ಪಾಲಿಸುವುದು ಕಷ್ಟವೇ ಆಗಲಿಲ್ಲ. ಇಪ್ಪತ್ತೆರಡು ವರ್ಷ ಓದದೆ ಕೆಲಸ ಮಾಡಿದೆ, ಅದನ್ನೊಂದು ಗುಣವೆಂದೇ ಹೇಳಿಕೊಂಡು ತಿರುಗಿದೆ. ಹೊಸಬರು ಬಂದಾಗ "ನನಗೆ ಅಕ್ಷರ ಕಾಣಿಸುವುದೇ ಇಲ್ಲ, ಕಾಗದ ಮಾತ್ರ ಕಾಣಿಸುತ್ತದೆ" ಎಂದು ಜಂಬ ಕೊಚ್ಚಿದ್ದೂ ಉಂಟು.

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಮೇಜಿನ ಮೇಲೆ ಮೊದಲ ಸಲ ಕನ್ನಡದ ನೋಟುಪುಸ್ತಕವೊಂದು ಬಂತು. ನಾನು ಏಳನೆಯ ತರಗತಿಯವರೆಗೆ ವಿಜಯಪುರದಲ್ಲಿ ಕನ್ನಡ ಶಾಲೆಯಲ್ಲೇ ಓದಿದವಳು. ವಿಭಾಗದ ಮುಖ್ಯಸ್ಥರಾದ ಮೇಡಂ ಮರಾಠಿಯವರು. ಪುಸ್ತಕವನ್ನು ನನ್ನ ಕಡೆ ಸರಿಸಿ, "ಹೇ ತೂಚ ಕರ, ತುಝೀ ಭಾಷಾ ಆಹೇ" ಎಂದರು. ನಿನ್ನ ಭಾಷೆಯದು, ನೀನೇ ಮಾಡು ಎಂದು. ಆ ಕೆಲಸ ನನಗೆ ಸಿಕ್ಕಿದ್ದೇ ನನಗೆ ಕನ್ನಡ ಬರುತ್ತದೆ ಎಂಬ ಕಾರಣಕ್ಕೆ. ಈ ಮಾತನ್ನು ಇಲ್ಲಿಯೇ ಬರೆದಿಡುತ್ತೇನೆ, ಮುಂದೆ ಬೇಕಾಗುತ್ತದೆ.

ಪುಸ್ತಕ ತಂದವನು ಮೈಸೂರು ಕಡೆಯ ಒಬ್ಬ ಯುವ ಸಂಶೋಧಕ. ಒಂದು ದೇಶದ ಕ್ರಾಂತಿ ಇನ್ನೊಂದು ದೇಶದ ಜನರನ್ನು ಹೇಗೆ ಎಬ್ಬಿಸುತ್ತದೆ ಎಂಬುದರ ಬಗ್ಗೆ ಅವನು ಪುಣೆಯಲ್ಲಿ ಒಂದು ಪ್ರದರ್ಶನ ಮಾಡುವವನಿದ್ದ. ಗೋಡೆಯ ಮೇಲೆ ದೊಡ್ಡ ನಕಾಶೆ, ಪ್ಯಾರಿಸ್ಸಿನಿಂದ ಹೊರಟ ಕೆಂಪು ಬಾಣಗಳು. ಅವುಗಳಲ್ಲಿ ಒಂದು ಬಾಣ ಕಲಬುರಗಿ ಸೀಮೆಯ ಒಂದು ಹಳ್ಳಿಗೆ ಹೋಗಿ ಮುಟ್ಟುತ್ತಿತ್ತು. ಅದಕ್ಕೆ ಅವನ ಕೈಯಲ್ಲಿದ್ದ ಆಧಾರವೇ ಈ ಪುಸ್ತಕ.

ಬರೆದಾತ ಹುಡುಗನಾಗಿದ್ದಾಗ ಸೊಲ್ಲಾಪುರದ ಗಿರಣಿಯಲ್ಲಿ ಕೆಲಸಕ್ಕಿದ್ದನಂತೆ. ಅಲ್ಲಿ ಗಿರಣಿ ಕೆಲಸಗಾರರಿಗೆ ಪಾಠ ಹೇಳುತ್ತಿದ್ದ ಮಾಸ್ತರರೊಬ್ಬರು ಫ್ರಾನ್ಸಿನ ಕ್ರಾಂತಿಯ ಕಥೆಯನ್ನು ಮರಾಠಿಯಲ್ಲಿ ಹೇಳುತ್ತಿದ್ದರು. ಇವನು ಅದನ್ನು ಕೇಳಿಕೊಂಡು ಬಂದು ಕನ್ನಡದಲ್ಲಿ ಬರೆದಿಟ್ಟ. ನಿಜಾಮನ ಆಳ್ವಿಕೆಯ ಕೊನೆಯ ದಿನಗಳಲ್ಲಿ ಊರಿಗೆ ಮರಳಿ, ಯಾರಿಗೂ ಅನುಮಾನ ಬರದ ಹಾಗೆ ಕಣದಲ್ಲಿ, ದನದ ಕೊಟ್ಟಿಗೆಯಲ್ಲಿ ಕೂತು ಜನರಿಗೆ ಓದಿ ಹೇಳಿದ. ಆಮೇಲೆ ಪುಣೆಯ ಕಡೆ ಬಂದು, ಹತ್ತಿರದ ದೇಹೂ ರೋಡ್ ಎಂಬ ಊರಿನಲ್ಲಿ ಕೂಲಿ ಮಾಡಿಕೊಂಡು ಬದುಕಿದ, ಅಲ್ಲೇ ತೀರಿಕೊಂಡ. ಪುಸ್ತಕ ಅವನ ಮಗಳ ಟ್ರಂಕಿನಲ್ಲಿ ಉಳಿಯಿತು.

ಆ ಮಗಳಿಗೆ ಈಗ ಎಂಬತ್ತು ದಾಟಿದೆ. ಪುಸ್ತಕ ಕೊಡಲು ಸಂಶೋಧಕನ ಜೊತೆ ತಾನೇ ಲೋಕಲ್ ರೈಲು ಹತ್ತಿ ಬಂದಿದ್ದಳು. ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದದ್ದನ್ನು ಬಿಚ್ಚಿ ನನ್ನ ಮುಂದೆ ಇಟ್ಟಳು, ಕೈ ಮಾತ್ರ ಅದರ ಮೇಲಿನಿಂದ ತೆಗೆಯಲಿಲ್ಲ.

"ನೀ ಕನ್ನಡದಾಕೇನವ್ವ?"

"ಹೌದ್ರಿ ಅಜ್ಜಿ, ವಿಜಯಪುರ ಕಡಿಯಾಕಿ."

"ಭಾಳ ಚೊಲೋ ಆತು ಬಿಡು. ಇದರಾಗ ನಮ್ಮವ್ವನ ಹೆಸರು ಅದ ಅಂತ ನಮ್ಮಪ್ಪ ಸಾಯೂ ಮುಂದ ಹೇಳ್ಯಾನ. ಈರಮ್ಮ ಅಂತ. ನನಗ ಓದಾಕ ಬರಂಗಿಲ್ಲ, ನನ್ನ ಮಗಗ, ಮೊಮ್ಮಕ್ಕಳಿಗಿ ಮರಾಠಿ ಬಿಟ್ರ ಬ್ಯಾರೇ ಬರಂಗಿಲ್ಲ. ನೀ ನೋಡಿ ಹೇಳು."

ಹೆಸರು ಯಾಕೆ ಅಷ್ಟು ಮುಖ್ಯವೆಂದು ನಾನು ಕೇಳಲಿಲ್ಲ, ಅವಳೇ ಹೇಳಿದಳು. ಪ್ಯಾರಿಸ್ಸಿನ ಹೆಂಗಸರು ರೊಟ್ಟಿಗಾಗಿ ಮಳೆಯಲ್ಲಿ ನಡೆದು ದೊರೆಯ ಅರಮನೆಗೆ ಹೋದ ಭಾಗವನ್ನು ಅಪ್ಪ ಓದಿದ್ದು ಸೀಗಿ ಹುಣ್ಣಿಮೆಯ ಸುಮಾರಿಗೆ. ದೀಪಾವಳಿ ಆಗುವುದರೊಳಗೆ ಆ ಊರಿನ ಕೆಲವು ಹೆಂಗಸರು ಒಂದು ಬೆಳಗ್ಗೆ ಒಟ್ಟಾಗಿ ಜಾಗೀರದಾರನ ವಾಡೆಗೆ ಹೋಗಿ, ಅಂಗಳದ ಕೆಳಗೆ ಜೋಳ ತುಂಬಿ ಮುಚ್ಚಿದ್ದ ಹಗೇವನ್ನು ತೆರೆಸಿದರು. ಊರಿನಲ್ಲಿ ಅಂಥದ್ದು ಹಿಂದೆಂದೂ ಆಗಿರಲಿಲ್ಲ.

"ಅವರೊಳಗ ನಮ್ಮವ್ವ ಇದ್ಳೋ ಇಲ್ಲೋ, ನನಗ ಅಷ್ಟ ಬೇಕಾಗಿದ್ದು. ನಮ್ಮ ಕಾಕಾನ ಮನಿಯವ್ರು, ಆಕಿ ಎಲ್ಲಿ ಹೋಗಿದ್ಳು, ಒಲಿ ಮುಂದ ರೊಟ್ಟಿ ಬಡಕೋತ ಕುಂತಿದ್ಳು ಅಂತಾರ. ನನಗ ನೆನಪದ. ಉಡ್ಯಾಗ ಜ್ವಾಳ ಕಟ್ಕೊಂಡು ಬಂದಿದ್ಳು. ಸೀರಿ ತೊಯ್ದಿತ್ತು. ನಾ ಸಣ್ಣಾಕಿ ಇದ್ದೆ, ನನ್ನ ಮಾತು ಯಾರು ನಂಬ್ತಾರ?"

ಅವಳು ಶೌಚಾಲಯ ಎಲ್ಲಿದೆ ಎಂದು ಕೇಳಿಕೊಂಡು ಹೋದಾಗ ಸಂಶೋಧಕ ದನಿ ತಗ್ಗಿಸಿ ಹೇಳಿದ. "ಮೇಡಂ, ನಾನು ಫುಲ್ ಓದಿದೀನಿ, ಎರಡು ಸಲ. ಎಲ್ಲಾ ಪೇಜ್ ಫೋನಲ್ಲಿ ಫೋಟೋ ತೆಗ್ದಿದೀನಿ. ಈರಮ್ಮ ಅನ್ನೋ ಹೆಸರು ಎಲ್ಲೂ ಇಲ್ಲ. ವಯಸ್ಸಾಗಿದೆ ಅಲ್ವಾ, ಕನ್‌ಫ್ಯೂಸ್ ಮಾಡ್ಕೊಂಡಿದಾರೆ ಅನ್ಸುತ್ತೆ."

ನಾನು ತಲೆಯಾಡಿಸಿದೆ. ಅಜ್ಜಿ ಹೊರಡುವಾಗ ರಸೀದಿ ಬರೆದು ಕೊಟ್ಟು, "ನೋಡೋಣ ಬಿಡ್ರಿ ಅಜ್ಜಿ" ಎಂದೆ. ಆಸ್ಪತ್ರೆಗಳಲ್ಲಿ ಹೇಳುತ್ತಾರಲ್ಲ, ಅದೇ ದನಿ.

ಮರುದಿನ ಸ್ಥಿತಿ ವರದಿ ಬರೆಯಲು ಕೂತೆ. ಯಾವ ಪುಸ್ತಕವೇ ಬರಲಿ, ಕೈ ಹಚ್ಚುವ ಮೊದಲು ಅದು ಹೇಗಿದೆಯೋ ಹಾಗೆ ಒಂದು ನಮೂನೆಯಲ್ಲಿ ತುಂಬಬೇಕು. ಕಾಗದ ಯಂತ್ರದಲ್ಲಿ ಮಾಡಿದ್ದು, ಆಮ್ಲದ ಹುಳಿ ಹಿಡಿದಿದೆ, ಅಂಚುಗಳು ಹಪ್ಪಳದ ಹಾಗೆ ಮುರಿಯುತ್ತಿವೆ. ಬರವಣಿಗೆ ನೀಲಿಗಪ್ಪು ಶಾಯಿ. ಇಲಿ ಕಡಿದ ಗುರುತು ಮೂರು ಕಡೆ. ನಾಲ್ಕನೆಯ ಪುಟದಲ್ಲಿ ಕಡಲೆಬೇಳೆಯಷ್ಟು ಒಂದು ನೇರಳೆ ಕಲೆ. ಹೊಲಿಗೆ: ಹಾಳೆಗಳನ್ನು ಮಡಚಿ ಮೂರು ಕಟ್ಟು ಮಾಡಿ ಹೊಲಿದದ್ದು; ಮೊದಲ ಮತ್ತು ಕೊನೆಯ ಕಟ್ಟುಗಳಲ್ಲಿ ಬಿಳಿ ನೂಲು, ನಡುವಿನ ಕಟ್ಟಿನಲ್ಲಿ ಮಾತ್ರ ಗೋಣಿಚೀಲ ಹೊಲಿಯುವ ಸುತಳಿ. ಇದನ್ನೆಲ್ಲ ನಾನು ಚೆನ್ನಾಗಿಯೇ ಬರೆದೆ. ನಡುವಿನ ಕಟ್ಟನ್ನು ಯಾರೋ ಒಮ್ಮೆ ಬಿಚ್ಚಿ ಮತ್ತೆ ಹೊಲಿದಿದ್ದಾರೆ ಎಂದೂ ಬರೆದೆ. ಯಾಕೆ ಬಿಚ್ಚಿದ್ದಿರಬಹುದು ಎಂದು ಕೇಳಿಕೊಳ್ಳಲಿಲ್ಲ. ನಮೂನೆಯಲ್ಲಿ ಅದಕ್ಕೆ ಕಾಲಂ ಇಲ್ಲ.

ಹೊಲಿಗೆ ಬಿಚ್ಚುವ ಮೊದಲು ಪ್ರತಿ ಪುಟದ ಫೋಟೋ ತೆಗೆದೆ. ನಿಯಮದ ಪ್ರಕಾರ ಬಿಚ್ಚಿದ ಮೇಲೆ ಬಿಡಿ ಹಾಳೆಗಳನ್ನು ಇನ್ನೊಮ್ಮೆ ತೆಗೆಯಬೇಕು, ಏಕೆಂದರೆ ಹೊಲಿಗೆಯ ಒಳಗೆ ಸಿಕ್ಕಿಕೊಂಡ ಅಂಚು ಆಗ ಮಾತ್ರ ಹೊರಗೆ ಕಾಣುತ್ತದೆ. ಬಿಚ್ಚಿದ ದಿನ ಕ್ಯಾಮೆರಾ ಬೇರೊಬ್ಬರ ಮೇಜಿನ ಮೇಲಿತ್ತು. ಪ್ರದರ್ಶನಕ್ಕೆ ಇನ್ನು ಮೂರು ವಾರ ಮಾತ್ರ. ಸಂಶೋಧಕ ದಿನಕ್ಕೆರಡು ಸಲ ಫೋನು ಮಾಡುತ್ತಿದ್ದ. ಹಾಳೆಯ ಹುಳಿ ತೆಗೆಯುವ ಸುಣ್ಣದ ತಿಳಿನೀರು ಆಗಲೇ ಸಿದ್ಧವಾಗಿತ್ತು, ಇಟ್ಟರೆ ಅದರ ಗುಣ ಇಳಿಯುತ್ತದೆ. ಹಾಳೆ ಒಣಗಿದ ಮೇಲೆ ಫೋಟೋ ತೆಗೆದರಾಯಿತು ಎಂದುಕೊಂಡೆ. ಹೀಗೆ ಕಾರಣಗಳನ್ನು ಒಂದರ ಮೇಲೊಂದು ಪೇರಿಸುವುದು ಈಗ ಸುಲಭ. ಆ ದಿನ ಇಷ್ಟೂ ಯೋಚಿಸಿರಲಿಲ್ಲ, ಸುಮ್ಮನೆ ಬಿಟ್ಟೆ.

ನಡುವಿನ ಕಟ್ಟಿನ ಒಳಹಾಳೆಯನ್ನು ಬಿಡಿಸಿ ಹಾಸಿದಾಗ ಹೊಲಿಗೆಯ ಪಕ್ಕದಲ್ಲಿ, ಮಡಿಕೆಗೆ ತೀರ ಹತ್ತಿರ, ಪೆನ್ಸಿಲಿನಲ್ಲಿ ಏನೋ ಬರೆದದ್ದು ಕಂಡಿತು. ಬರಹ ಅಡ್ಡಡ್ಡ ಇತ್ತು. ಓದಬೇಕಾದರೆ ಹಾಳೆ ತಿರುಗಿಸಬೇಕು, ಇಲ್ಲವೇ ನಾನು ಮೇಜಿನ ಆ ಬದಿಗೆ ನಾಲ್ಕು ಹೆಜ್ಜೆ ನಡೆಯಬೇಕು. ನಡೆಯಲಿಲ್ಲ. ಏನೋ ಲೆಕ್ಕಪತ್ರ ಇರಬಹುದೆಂದು ಅಂದಾಜು ಮಾಡಿ, ನಮೂನೆಯಲ್ಲಿ "ಒಳ ಅಂಚಿನಲ್ಲಿ ಪೆನ್ಸಿಲ್ ಗುರುತುಗಳು" ಎಂದು ಒಂದು ಸಾಲು ಸೇರಿಸಿದೆ.

ಶಾಯಿಯನ್ನು ಮಾತ್ರ ಪರೀಕ್ಷೆ ಮಾಡಿದೆ. ಹಾಳೆಗೆ ಮೂರು ಕಡೆಯಂತೆ, ಸಣ್ಣ ಕುಂಚದಲ್ಲಿ ಒಂದೊಂದು ಹನಿ ನೀರಿಟ್ಟು, ಬ್ಲಾಟಿಂಗ್ ಪೇಪರಿನ ಚೂರು ಒತ್ತಿ ನೋಡಿದೆ. ಬಣ್ಣ ಬಿಡಲಿಲ್ಲ. ಪೆನ್ಸಿಲನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ, ಸೀಸದ ಪುಡಿ ನೀರಿಗೆ ಜಗ್ಗುವುದಿಲ್ಲ ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಆ ಕಟ್ಟಿನ ನಾಲ್ಕು ಹಾಳೆಗಳನ್ನು ತೆಳುಬಟ್ಟೆಯ ಮೇಲಿಟ್ಟು ಒಂದೊಂದಾಗಿ ತಟ್ಟೆಯ ನೀರಿಗೆ ಇಳಿಸಿದೆ. ಹಳದಿ ಕೊಳೆ ಬಿಡತೊಡಗಿತು. ನಮ್ಮ ಕೆಲಸದಲ್ಲಿ ನನಗೆ ಅತಿ ಪ್ರಿಯವಾದ ಗಳಿಗೆ ಅದು. ವರ್ಷಗಟ್ಟಲೆ ಬಿಗಿದುಕೊಂಡಿದ್ದ ಕಾಗದ ನೀರಿನಲ್ಲಿ ಮೆತ್ತಗಾಗುತ್ತದೆ, ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಕೊನೆಗೆ ಇಳಿಸಿದ ಆ ಒಳಹಾಳೆಯ ಮಡಿಕೆಯಿಂದ ನೇರಳೆ ಬಣ್ಣ ಎದ್ದಿತು.

ಮೊದಲು ನನಗೆ ಅರ್ಥವೇ ಆಗಲಿಲ್ಲ. ಆಮೇಲೆ ಆಯಿತು. ಅದು ಸಾದಾ ಪೆನ್ಸಿಲ್ ಅಲ್ಲ. ಹಿಂದೆ ರೈಲ್ವೆಯವರು, ಅಂಚೆಯವರು ನಾಲಿಗೆಗೆ ತಾಗಿಸಿಕೊಂಡು ಬರೆಯುತ್ತಿದ್ದ ಕಾಪಿಯಿಂಗ್ ಪೆನ್ಸಿಲ್. ಒಣಗಿರುವಾಗ ಬೂದು ಬಣ್ಣ, ನೀರು ತಾಕಿದರೆ ನೇರಳೆ ಶಾಯಿ. ನಾಲ್ಕನೆಯ ಪುಟದ ಆ ಕಲೆ ಇದೇ ಪೆನ್ಸಿಲಿನದು, ಯಾರದೋ ಬೆವರಿನ ಹನಿ ಬಿದ್ದು ಆದದ್ದು. ಪುಸ್ತಕ ನನಗೆ ಮುಂಚೆಯೇ ಹೇಳಿತ್ತು. ನಾನೇ ನನ್ನ ಅಂದವಾದ ಕೈಬರಹದಲ್ಲಿ ಅದನ್ನು ಬರೆದುಕೊಂಡಿದ್ದೆ.

ಇಂಥ ಹೊತ್ತಿನಲ್ಲಿ ಹಾಳೆಯನ್ನು ಸಮತಟ್ಟಾಗಿ ಎತ್ತಿ ಬ್ಲಾಟಿಂಗ್ ಮೇಲೆ ಇಳಿಸಿ, ತೇವವನ್ನು ಕೆಳಗಡೆಯಿಂದ ಹೀರಿಸಬೇಕು. ಇದನ್ನು ನಾನೇ ಎಷ್ಟೋ ಜನರಿಗೆ ಕಲಿಸಿದ್ದೇನೆ. ಆದರೆ ಗಾಬರಿಯಲ್ಲಿ ಓರೆಯಾಗಿ ಎತ್ತಿದೆ. ನೀರು ಮಡಿಕೆಯಗುಂಟ ಇಳಿಯಿತು, ಬಣ್ಣವೂ ಅದರ ಜೊತೆ ಇಳಿಯಿತು. ಬ್ಲಾಟಿಂಗ್ ಮೇಲಿಟ್ಟಾಗ ಉಳಿದಿದ್ದು ಅಂಗೈಯಗಲದ ನೇರಳೆ ಮೋಡ. ಆಗ ನಾನು ಮೇಜಿನ ಆ ಬದಿಗೆ ಹೋದೆ. ನಾಲ್ಕೇ ಹೆಜ್ಜೆ. ಮೋಡದ ಮೇಲಂಚಿನಲ್ಲಿ, ನೀರು ಪೂರ್ತಿ ತಲುಪದ ಕಡೆ, ಒಂದೇ ಒಂದು ಸಾಲು ಓದಲು ಬರುತ್ತಿತ್ತು: "ಹಗೇವಿಗೆ ಹೋದ ಹೆಣ್ಣುಮಕ್ಕಳು."

ಕೆಳಗೆ ಹೆಸರುಗಳಿದ್ದವು.

ಅತ್ತುಬಿಟ್ಟೆ ಎಂದು ಹೇಳಲು ನಾಚಿಕೆಯೇನಿಲ್ಲ. ಶಾಯಿಯಲ್ಲಿ ಬರೆದ ಪಠ್ಯ ಒಂದಿಷ್ಟೂ ಕದಡದೆ ಅದೇ ಹಾಳೆಯಲ್ಲಿ ನಿಂತಿತ್ತು, ಮೊದಲ ಸಲ ಅದನ್ನು ಓದಿದೆ. "ಮಕ್ಕಳು ಹಸಿದು ಮಲಗಿದ್ದವು. ಹಿಟ್ಟಿನ ಗಡಿಗೆ ಬರಿದಾಗಿತ್ತು. ದೊರೆಯ ಮನೆಯಲ್ಲಿ ಊಟ ನಡೆದಿತ್ತು. ಪ್ಯಾರಿಸ್ ಊರ ಹೆಂಗಸರು ರೊಟ್ಟಿ ಕೇಳಲು ಮಳೆಯಲ್ಲೇ ಹೊರಟರು. ದಾರಿ ನಮ್ಮೂರಿಂದ ಶಹಾಬಾದಿಗೆ ಹೋದಷ್ಟು." ಎಲ್ಲಿಯೋ ನಡೆದದ್ದರ ಪಕ್ಕದಲ್ಲೇ ಅಜ್ಜಿಯ ಅಪ್ಪ ತನ್ನೂರಿನದನ್ನು ಬರೆದಿಟ್ಟಿದ್ದ. ಪೊಲೀಸರು ಪುಸ್ತಕ ತಿರುವಿ ಹಾಕಿದರೂ ಕಾಣಬಾರದೆಂದು ಕಟ್ಟು ಬಿಚ್ಚಿ, ಹೊಲಿಗೆಯೊಳಗೆ ಬರೆದು, ಕೈಗೆ ಸಿಕ್ಕ ಸುತಳಿಯಿಂದ ಮತ್ತೆ ಹೊಲಿದಿದ್ದ. ನಿಜಾಮನ ಪೊಲೀಸರಿಗೆ ಸಿಗದ ಹೆಸರುಗಳನ್ನು ಇಷ್ಟು ವರ್ಷ ಕಾಪಾಡಿದ್ದು ಆ ಹೊಲಿಗೆ. ಅಳಿಸಿದವಳು ಅವುಗಳನ್ನು ಕಾಪಾಡಲೆಂದೇ ನೇಮಕವಾದವಳು.

ಮೇಡಂಗೆ ಆಗಲೇ ಹೇಳಿದೆ. ಅವರು ಬೈಯಲಿಲ್ಲ. ಹಾಳೆಯನ್ನು ಬಹಳ ಹೊತ್ತು ನೋಡಿ, ಈ ಕೆಲಸದಲ್ಲಿ ಎಲ್ಲರಿಗೂ ಒಮ್ಮೆಯಾದರೂ ಹೀಗಾಗಿದೆ ಎಂದರು. ವರದಿಯಲ್ಲಿ "ಒಳ ಅಂಚಿನ ಬರಹ: ಅಸ್ಪಷ್ಟ" ಎಂದು ತುಂಬಲು ಹೇಳಿದರು. ಓದಲಾಗದ ಬರಹಕ್ಕೆ ನಾವು ಬಳಸುವ ಮಾಮೂಲಿ ಪದ ಅದು. ಸುಳ್ಳೂ ಅಲ್ಲ, ಈಗ ಅದು ಅಸ್ಪಷ್ಟವೇ. ನಾನು ಆ ಜಾಗ ಖಾಲಿ ಬಿಟ್ಟೆ.

ಆ ಮಧ್ಯಾಹ್ನವೇ ಉಳಿದ ಹಾಳೆಗಳನ್ನು ನೀರಿಗೆ ಹಾಕುವುದಿಲ್ಲವೆಂದು ನಿರ್ಧರಿಸಿದೆ. ಒಣ ಕುಂಚದಿಂದ ಧೂಳು ತೆಗೆದು, ಹರಿದ ಕಡೆ ಮಾತ್ರ ತೆಳು ಜಪಾನಿ ಕಾಗದ ಅಂಟಿಸಿ ಬಿಡುವುದು. ಹುಳಿ ಉಳಿಯುತ್ತದೆ, ಕಾಗದದ ಆಯಸ್ಸು ಕಡಿಮೆಯಾಗುತ್ತದೆ, ಆಗಲಿ. ಮತ್ತು ಕೈ ಹಚ್ಚುವ ಮೊದಲು ಒಂದೊಂದು ಹಾಳೆಯನ್ನೂ ನಾಲ್ಕೂ ಬದಿಯಿಂದ ತಿರುಗಿಸಿ ಓದುವುದು. ಎಲ್ಲಿಯಾದರೂ ಆ ಪಟ್ಟಿಯನ್ನು ಇನ್ನೊಮ್ಮೆ ಬರೆದಿರಬಹುದೆಂಬ ಆಸೆ ನನಗೆ. ಇರಲಿಲ್ಲ. ಸಿಕ್ಕಿದ್ದು ಅವನು ತನಗೇ ಬರೆದುಕೊಂಡ ಸೂಚನೆಗಳು. "ಇಲ್ಲಿ ನಿಲ್ಲು, ನೀರು ಕುಡಿ." "ಇಲ್ಲಿ ನಗುತ್ತಾರೆ." ಹೆಂಗಸರು ದೊರೆಯನ್ನು ತಮ್ಮ ಜೊತೆಗೇ ಪ್ಯಾರಿಸ್ಸಿಗೆ ಕರೆತಂದರು ಎಂಬ ಕಡೆ, "ಇಲ್ಲಿ ಓದುವುದು ನಿಲ್ಲಿಸು, ಅವರು ಮಾತಾಡಲಿ." ಸಂಶೋಧಕನ ಕೆಂಪು ಬಾಣಕ್ಕಿಂತ ನನಗೆ ಈ ಸಾಲಿನಿಂದಲೇ ಹೆಚ್ಚು ತಿಳಿಯಿತು. ಅಲ್ಲಿನ ಕ್ರಾಂತಿ ಇಲ್ಲಿಗೆ ಬಂದದ್ದು ಅವನು ಓದಿದ್ದರಿಂದಷ್ಟೇ ಅಲ್ಲ, ಓದುವುದನ್ನು ನಿಲ್ಲಿಸಿ ಆ ಹೆಂಗಸರಿಗೆ ಮಾತಾಡಲು ಬಿಟ್ಟದ್ದರಿಂದ.

ಒಂದು ದಾರಿ ಉಳಿದಿತ್ತು. ಕಾಪಿಯಿಂಗ್ ಪೆನ್ಸಿಲಿನಲ್ಲಿ ಬಣ್ಣದ ಜೊತೆ ಸ್ವಲ್ಪ ಸೀಸದ ಪುಡಿಯೂ ಇರುತ್ತದೆ. ಬಣ್ಣ ನೀರಿನಲ್ಲಿ ಹೋಗಬಹುದು, ಪುಡಿ ಕಾಗದದ ನಾರಿನಲ್ಲಿ ಅಲ್ಪಸ್ವಲ್ಪ ಉಳಿಯುತ್ತದೆ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಲ್ಲಿ ಫೋಟೋ ತೆಗೆದರೆ ನೇರಳೆ ಬಣ್ಣ ಮಾಯವಾಗಿ ಪುಡಿ ಮಾತ್ರ ಕಪ್ಪಗೆ ಕಾಣುತ್ತದೆ. ನಮ್ಮಲ್ಲಿ ಅಂಥ ಕ್ಯಾಮೆರಾ ಇರಲಿಲ್ಲ. ಪುಣೆಯ ಕ್ಯಾಂಪ್ ಬಡಾವಣೆಯಲ್ಲಿ ಹಳೆಯ ಸ್ಟುಡಿಯೋ ಇಟ್ಟುಕೊಂಡ ಛಾಯಾಗ್ರಾಹಕರೊಬ್ಬರು ಶೋಕಿಗಾಗಿ ಒಂದು ಕ್ಯಾಮೆರಾದ ಒಳಗಿನ, ಆ ಬೆಳಕನ್ನು ತಡೆಯುವ ಫಿಲ್ಟರ್ ತೆಗೆಸಿ ಇಟ್ಟುಕೊಂಡಿದ್ದಾರೆಂದು ಮೇಡಂಗೆ ಗೊತ್ತಿತ್ತು. ಹಾಳೆಯನ್ನು ಎರಡು ರಟ್ಟುಗಳ ನಡುವೆ ಕಟ್ಟಿಕೊಂಡು, ಆಟೋದಲ್ಲಿ ಮಡಿಲ ಮೇಲಿಟ್ಟುಕೊಂಡು ಹೋದೆ. ರಸ್ತೆಯ ಒಂದೊಂದು ಗುಂಡಿಗೂ ಚಾಲಕನನ್ನು ಬೈದೆ. ಅವನು ಪಾಪ, ಒಳಗೆ ಮದುವೆ ಆಲ್ಬಮ್ ಇದೆಯಾ ಎಂದು ಕೇಳಿದ.

ಛಾಯಾಗ್ರಾಹಕರು ಮೂರು ಗಂಟೆ ಹೆಣಗಿದರು. ದೀಪ ಬದಲಿಸಿದರು, ಬದಿಯಿಂದ ಬಿಟ್ಟರು, ಹಿಂದಿನಿಂದ ಬಿಟ್ಟರು. ಕೊನೆಗೆ ಪರದೆಯ ಮೇಲೆ ಮೋಡ ಕರಗಿ ಗೀಟುಗಳು ಎದ್ದವು. ಎಣಿಸಿದೆ. ತಲೆಬರಹದ ಕೆಳಗೆ ಏಳು ಸಾಲು. ಮೇಲಿನ ಮೂರು ಓದಲು ಬಂದವು: ಭೀಮವ್ವ, ಹುಸೇನಬಿ, ಶರಣಮ್ಮ. ಉಳಿದ ನಾಲ್ಕು ಸಾಲು ಬಿದ್ದಿದ್ದು ನಾನು ಓರೆಯಾಗಿ ಎತ್ತಿದಾಗ ನೀರು ಇಳಿದ ದಾರಿಯಲ್ಲೇ. ಅಲ್ಲೊಂದು ಕೊಂಬು, ಇಲ್ಲೊಂದು ತಲೆಕಟ್ಟು ಬಿಟ್ಟರೆ ಏನೂ ಇರಲಿಲ್ಲ. ಯಾವ ಹೆಸರೂ ಆಗಬಹುದಿತ್ತು.

ನೀರಿಗೆ ಹಾಕುವ ಮೊದಲು ಆ ಹಾಳೆ ಇಡೀ ಬೆಳಗ್ಗೆ ನನ್ನ ಕಣ್ಣ ಮುಂದಿತ್ತು. ಏಳೂ ಹೆಸರುಗಳ ಮೇಲೆ ನನ್ನ ಕಣ್ಣು ಹಾದಿದೆ. ಆ ರಾತ್ರಿಯಿಂದ ಎಷ್ಟು ದಿನ ಕಣ್ಣು ಮುಚ್ಚಿ ಕೂತು ನೆನೆಸಿಕೊಳ್ಳಲು ನೋಡಿದೆನೋ ಲೆಕ್ಕವಿಲ್ಲ. ಕಾಗದದ ಬಣ್ಣ ನೆನಪಾಗುತ್ತದೆ, ಸುತಳಿಯ ತೂತುಗಳು ನೆನಪಾಗುತ್ತವೆ, ಒಂದು ತೂತು ಹರಿದು ಉದ್ದವಾಗಿತ್ತು. ಅಕ್ಷರ ಒಂದೂ ನೆನಪಾಗುವುದಿಲ್ಲ.

ಸಂಶೋಧಕನಿಗೆ ಫೋಟೋ ತೋರಿಸಿದಾಗ ಅವನು ಮೊದಲು ಬಿಳಿಚಿಕೊಂಡ, ಆಮೇಲೆ ಉತ್ಸಾಹಕ್ಕೆ ಬಂದ. ಹಳ್ಳಿಯ ಹೆಂಗಸರ ಪಟ್ಟಿ ಅವನಿಗೂ ಗೊತ್ತಿರಲಿಲ್ಲ, ಮೂರು ಹೆಸರಾದರೂ ಸಿಕ್ಕವಲ್ಲ. ಅಜ್ಜಿಗೆ ಏನು ಹೇಳುವುದೆಂದು ಕೇಳಿದೆ.

"ಮೇಡಂ, ಇತ್ತು ಅಂತ ಹೇಳ್ಬಿಡಿ. ನಾಲ್ಕನೇ ಲೈನ್‌ನಲ್ಲಿ ಈರಮ್ಮ ಅಂತ ಇತ್ತು, ವಾಶ್ ಆಗೋ ಮುಂಚೆ ನೀವೇ ಓದಿದ್ರಿ ಅಂತ. ನೋಡಿದ್ದು ನೀವೊಬ್ರೇ, ಯಾರು ಚೆಕ್ ಮಾಡ್ತಾರೆ? ಅಜ್ಜೀಗೂ ಸಮಾಧಾನ ಆಗುತ್ತೆ. ಪ್ರಾಬಬ್ಲಿ ನಿಜಾನೂ ಇರುತ್ತೆ."

ಕೆಟ್ಟ ಹುಡುಗನಲ್ಲ ಅವನು. ಅವಳಿಗೆ ಒಳ್ಳೆಯದಾಗಲಿ ಎಂದೇ ಹೇಳಿದ. ಎರಡು ದಿನ ನಾನೂ ಅದನ್ನು ನಿಜವಾಗಿ ಯೋಚಿಸಿದೆ. ಹೇಗೆ ಹೇಳುವುದು, ಯಾವ ಮುಖ ಮಾಡಿಕೊಂಡು ಹೇಳುವುದು ಎಂಬುದನ್ನೂ ಮನಸ್ಸಿನಲ್ಲಿ ಅಭ್ಯಾಸ ಮಾಡಿದೆ. ಹಾಗೆ ಅಭ್ಯಾಸ ಮಾಡುವಾಗಲೇ ಗೊತ್ತಾಯಿತು, ಈ ಸುಳ್ಳಿನಲ್ಲಿ ನಾನು ಓದಿದವಳಾಗುತ್ತೇನೆ. ಅಜ್ಜಿಯ ಸಮಾಧಾನಕ್ಕಿಂತ ಮೊದಲು ನನ್ನ ಮರ್ಯಾದೆ ಉಳಿಯುತ್ತದೆ. ಮೂರನೆಯ ದಿನ ಬೆಳಗ್ಗೆ ಶಿವಾಜಿನಗರದಲ್ಲಿ ಲೋಕಲ್ ಹತ್ತಿದೆ. ಸಂಶೋಧಕನೂ ಜೊತೆಗೆ ಬಂದ, ದಾರಿಯುದ್ದಕ್ಕೂ ಫೋನು ನೋಡುತ್ತ ಕೂತಿದ್ದ.

ದೇಹೂ ರೋಡಿನಲ್ಲಿ ಮಾರ್ಕೆಟ್ಟಿನ ಹಿಂದೆ ಎರಡು ಕೋಣೆಯ ಮನೆ. ಅಜ್ಜಿ ಹೊಸ್ತಿಲ ಬಳಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ನನ್ನನ್ನು ಕಂಡೊಡನೆ ಕೈ ಒರೆಸಿಕೊಂಡಳು.

"ಬರ್ರಿ ಬರ್ರಿ. ಸಿಕ್ತೇನವ್ವ?"

ಅವಳ ಎದುರು ನೆಲದ ಮೇಲೆ ಕೂತು ಆದದ್ದೆಲ್ಲ ಹೇಳಿದೆ. ಹೆಸರುಗಳು ಹೊಲಿಗೆಯೊಳಗೆ ಇದ್ದದ್ದು, ಪೆನ್ಸಿಲ್, ನೀರು, ಏಳು ಸಾಲು, ಓದಲು ಬಂದ ಮೂರು. ಫೋಟೋ ತೋರಿಸಿದೆ. ಓದಲು ಬಾರದಿದ್ದರೂ ಅವಳು ಅದನ್ನು ಕೈಯಲ್ಲಿ ಹಿಡಿದು ಬೆರಳಿನಿಂದ ಸಾಲುಗಳನ್ನು ಒಂದೊಂದಾಗಿ ಮುಟ್ಟಿದಳು.

"ನೀರಾಗ ಹಾಕೂಕಿಂತ ಮೊದ್ಲ ಇದು ನೆಟ್ಟಗ ಇತ್ತೇನು?"

"ಇತ್ರಿ."

"ನೀ ನೋಡಿದ್ದೇನು?"

"ನೋಡಿದ್ದೆರಿ."

"ಓದಲಿಲ್ಲೇನು?"

"ಇಲ್ರಿ ಅಜ್ಜಿ."

"ನಿನಗ ಕನ್ನಡ ಬರ್ತದಲ್ಲ?"

ಗುರುಗಳ ನಿಯಮ, ಇಪ್ಪತ್ತೆರಡು ವರ್ಷದ ಅಭ್ಯಾಸ, ಸಂಶೋಧಕನ ಮಾತು, ಕ್ಯಾಮೆರಾ ಖಾಲಿ ಇರಲಿಲ್ಲ ಎನ್ನುವುದು, ಯಾವುದನ್ನೂ ಆ ಮನೆಯಲ್ಲಿ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. "ತಪ್ಪಾತ್ರಿ" ಎಂದೆ. ಅವಳು ಆಗಲಿ ಬಿಡು ಎನ್ನಲಿಲ್ಲ. ಅಂದಿದ್ದರೆ ನಾನು ಅವಳ ಕಾಲು ಹಿಡಿಯುತ್ತಿದ್ದೆನೇನೋ.

ಅವಳು ಎಡಗೈಯ ಬೆರಳು ಮಡಚತೊಡಗಿದಳು. "ಭೀಮವ್ವ, ಹುಸೇನಬಿ, ಶರಣಮ್ಮ. ಕುಂಬಾರ ಮಲ್ಲವ್ವ ಹೋಗಿದ್ಳು, ಆಕಿ ಮಗಳು ನನ್ನ ಗೆಳತಿ, ಊರ ತುಂಬ ಹೇಳ್ಕೋತ ತಿರಗ್ತಿದ್ಳು. ಸಾಬವ್ವ ಹೋಗಿದ್ಳು, ವಾಡೇದ ಮಂದಿ ಆಕಿ ಕೈ ಮುರ್ದಿದ್ರು. ಬಸಮ್ಮ ಹೋಗಿದ್ಳು." ಐದು ಬೆರಳು ಮುಗಿದು ಬಲಗೈಯದೊಂದು ಮಡಚಿಕೊಂಡಿತ್ತು. "ಆರು ನನಗ ಗೊತ್ತದ."

ಸಂಶೋಧಕ ಮುಂದಕ್ಕೆ ಬಾಗಿದ. "ಅಜ್ಜಿ, ಹಾಗಾದ್ರೆ ಏಳನೆಯವರು ನಿಮ್ಮಮ್ಮನೇ! ಲೆಕ್ಕ ಸರಿ ಹೋಯ್ತಲ್ಲ. ಮೇಡಂ, ಇದನ್ನ ಬರ್ಕೊಳ್ಳಿ."

ನಾನೂ ಚೀಲದಿಂದ ಪೆನ್ನು ತೆಗೆದಿದ್ದೆ. ಸುಳ್ಳು ಹೇಳದೆ ಪಾರಾಗುವ ದಾರಿ ಸಿಕ್ಕಿತೆಂದು ಒಳಗೊಳಗೇ ಎಷ್ಟು ಹಗುರವಾಯಿತೆಂದು ಹೇಳಲಾರೆ. ಅಜ್ಜಿ ಅವನ ಕಡೆ ತಿರುಗಿದಳು.

"ಯಪ್ಪಾ, ನಮ್ಮೂರಾಗ ಹೆಣ್ಣಮಕ್ಕಳು ಬರೇ ಏಳ ಮಂದಿ ಇದ್ರೇನು? ಏಳನೇದಾಕಿ ಯಾರರೆ ಇರಬಹುದು." ಆಮೇಲೆ ನನ್ನನ್ನು ನೋಡಿದಳು. ಏಳನೆಯ ಬೆರಳು ಅರ್ಧ ಬಾಗಿತ್ತು, ಅದನ್ನು ಮಡಚಲೂ ಇಲ್ಲ, ನೇರ ಮಾಡಲೂ ಇಲ್ಲ. "ನೀ ಓದಿಲ್ಲ. ಬರೀಬ್ಯಾಡ."

ಪೆನ್ನು ಒಳಗಿಟ್ಟೆ. ಅವಳು ಫೋಟೋವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಮಡಿಲಲ್ಲಿಟ್ಟಳು, ಮೊದಲ ದಿನ ಪುಸ್ತಕವನ್ನು ಸುತ್ತಿ ತಂದಿದ್ದಳಲ್ಲ, ಅದೇ ಟವೆಲ್ಲು. ನಾವು ಎದ್ದು ಚಪ್ಪಲಿ ಹಾಕಿಕೊಳ್ಳುವಾಗ ಮತ್ತೆ ಮೆಂತ್ಯ ಸೊಪ್ಪಿಗೆ ಕೈ ಹಾಕಿದ್ದಳು. ಚಹಾ ಕುಡಿದು ಹೋಗಿ ಎನ್ನಲಿಲ್ಲ. ನಮ್ಮ ಕಡೆಯವರ ಮನೆಯಲ್ಲಿ ಚಹಾ ಇಲ್ಲದೆ ನಾನು ಎದ್ದು ಬಂದದ್ದು ಅದೇ ಮೊದಲು.

ಪ್ರದರ್ಶನ ಆಯಿತು. ಪುಸ್ತಕವನ್ನು ಗಾಜಿನ ಪೆಟ್ಟಿಗೆಯಲ್ಲಿ ಬೇರೊಂದು ಪುಟ ತೆರೆದು ಇಟ್ಟರು, ಕೆಂಪು ಬಾಣದ ತುದಿಯಲ್ಲಿ ಮೂರು ಹೆಸರು ಬರೆದರು. ಜನ ಬಂದು ಫೋಟೋ ತೆಗೆದುಕೊಂಡರು. ಅಜ್ಜಿಗೆ ಕರೆ ಹೋಗಿತ್ತು, ಬರಲಿಲ್ಲ. ಆಮೇಲೆ ಪುಸ್ತಕವನ್ನು ಅದೇ ಸುತಳಿಯಿಂದ ಹೊಲಿದು, ಹುಳಿಯಿಲ್ಲದ ರಟ್ಟಿನ ಪೆಟ್ಟಿಗೆಯಲ್ಲಿಟ್ಟೆ. ಪೆಟ್ಟಿಗೆಯ ಜೊತೆ ಹೋಗುವ ವರದಿಯಲ್ಲಿ ಖಾಲಿ ಬಿಟ್ಟಿದ್ದ ಕಾಲಂ ಒಂದು ಹಾಗೆಯೇ ಇತ್ತು. ಮೇಡಂ ಸಹಿ ಮಾಡಲು ಕಾಯುತ್ತಿದ್ದರು. ಅಸ್ಪಷ್ಟ ಎಂದು ಬರೆದರೆ ತಪ್ಪು ಕಾಗದದ್ದಾಗುತ್ತದೆ, ಪೆನ್ಸಿಲಿನದ್ದಾಗುತ್ತದೆ, ಎಂದೋ ಬರೆದಿಟ್ಟು ಹೋದವನದ್ದಾಗುತ್ತದೆ.

ನಾನು ಹೀಗೆ ಬರೆದೆ: "ಒಳ ಅಂಚಿನಲ್ಲಿ ಏಳು ಹೆಸರುಗಳು. ನೀರಿಗಿಡುವ ಮೊದಲು ಏಳೂ ಸ್ಪಷ್ಟವಾಗಿದ್ದವು. ದುರಸ್ತಿ ಮಾಡಿದವರಿಗೆ ಕನ್ನಡ ಬರುತ್ತಿತ್ತು. ಓದಲಿಲ್ಲ." ಕೆಳಗೆ ನನ್ನ ಹೆಸರನ್ನು ಕನ್ನಡದಲ್ಲಿ, ಯಾರು ಬೇಕಾದರೂ ಓದುವಂತೆ ಬಿಡಿಸಿ ಬರೆದೆ.